ಸನ್ನದು ಬೇಡಿದ ಸ್ತ್ರೀಯರು

1916ರಲ್ಲಿ ರೆಜಿನಾ ಗುಹಾ ಎಂಬ ವಿದ್ಯಾವತಿ ಬಿ.ಎಲ್. ಪದವಿಯನ್ನು ಪಡೆದು, ಕಲ್ಕತ್ತೆಯ ಆಲಿಪುರದ ನ್ಯಾಯಾಲಯದಲ್ಲಿ ವಕೀಲಿ ನಡೆಸಲು ಸನ್ನದು ಬೇಡಿದರು. ಸ್ತ್ರೀಯರಿಗೆ ಸನ್ನದನ್ನು ಕೊಡಕೂಡದೆಂದು 1879ರ ವಕೀಲರ ಕಾಯಿದೆಯಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಕಾಯಿದೆಗಳಲ್ಲಿ ಬರುವ ಪುಲ್ಲಿಂಗ ಪದಗಳು ಸ್ತ್ರೀಯರನ್ನೂ ಒಳಗೊಳ್ಳುತ್ತವೆಂಬ ಸಾಮಾನ್ಯ ನಿಯಮವೂ ಇದ್ದಿತು. ಆದರೂ ಐವರು ನ್ಯಾಯಮೂರ್ತಿಗಳ ಪೀಠವು, ಕಾಯಿದೆ ರಚಿಸಿದವರ ಮನಸ್ಸಿನಲ್ಲಿ ಸ್ತ್ರೀಯರಿರಲಿಲ್ಲವೆಂದು ಬಗೆದು ಅರ್ಜಿಯನ್ನು ತಳ್ಳಿಹಾಕಿತು. ತರಗತಿಯಲ್ಲಿ ಲಿಂಗಪ್ರಕರಣವನ್ನು ಬೋಧಿಸುವ ಉಪಾಧ್ಯಾಯ ಮಿತ್ರರಿಗೆ ಇದಕ್ಕಿಂತ ಮಿಗಿಲಾದ ಉದಾಹರಣೆ ದೊರೆಯಲಾರದು! 1921ರಲ್ಲಿ ಪಾಟ್ನಾದಲ್ಲಿ ಸುಧಾಂಶುಬಾಲಾ ಹಜ್ರಾ ಅವರಿಗೂ ಇದೇ ಉತ್ತರ ದೊರೆಯಿತು. ಅದೇ ವರ್ಷ ಅಲಹಾಬಾದಿನ ಉಚ್ಚ ನ್ಯಾಯಾಲಯವು ಕಾರ್ನೀಲಿಯಾ ಸೊರಾಬ್ಜಿಯವರಿಗೆ ವಕೀಲಿಯ ಅನುಮತಿಯನ್ನು ನೀಡಿತು. ದೇಶವೊಂದೇ, ತೀರ್ಪು ಎರಡು. ಈ ಗೊಂದಲವನ್ನು ನೀಗಿದ್ದು 1923ರ ಕಾಯಿದೆ. ಸ್ತ್ರೀ ಎಂಬ ಒಂದೇ ಕಾರಣಕ್ಕೆ ಯಾರನ್ನೂ ವಕೀಲಿಯಿಂದ ದೂರವಿಡಬಾರದೆಂದು ಅದು ವಿಧಿಸಿತು.

ಆಗ ನಮ್ಮ ಮೀನಂಗಡಿ ಸೇರಿದಂತೆ ವಯನಾಡೆಲ್ಲ ಮದ್ರಾಸ್ ಪ್ರಾಂತದ ಮಲಬಾರ್ ಜಿಲ್ಲೆಯಲ್ಲಿದ್ದಿತು. ದಕ್ಷಿಣ ಕನ್ನಡವೂ ಅದೇ ಪ್ರಾಂತದ್ದು. ಆದುದರಿಂದ ಮದ್ರಾಸಿನ ಉಚ್ಚ ನ್ಯಾಯಾಲಯದ ಕಥೆ ನಮಗೆ ಹೊರಗಿನದಲ್ಲ. 1929ರಲ್ಲಿ ಅಲ್ಲಿ ಮೊದಲ ಮಹಿಳಾ ವಕೀಲರಾಗಿ ಹೆಸರು ನೋಂದಾಯಿಸಿದವರು ಬಿ. ಆನಂದಬಾಯಿ, ಅವರು ದಕ್ಷಿಣ ಕನ್ನಡದವರು. ಕನ್ನಡಿಗರಾದ ನಾವು ಈ ಹೆಸರನ್ನು ಇಷ್ಟು ಸುಲಭವಾಗಿ ಮರೆತಿರುವುದು ಸೋಜಿಗವೇ ಸರಿ. ಅತ್ತ ತಿರುವಾಂಕೂರಿನಲ್ಲಿ ವಕೀಲಿಯನ್ನಾರಂಭಿಸಿದ ಅನ್ನಾ ಚಾಂಡಿಯವರು 1959ರಲ್ಲಿ ಕೇರಳದ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದರು.

ಲೆಕ್ಕಪರಿಶೋಧನೆಯ ಕ್ಷೇತ್ರದಲ್ಲಿ ಮದ್ರಾಸಿನ ಆರ್. ಶಿವಭೋಗಂ ಅವರ ವೃತ್ತಾಂತ ಇನ್ನೂ ರೋಚಕವಾದುದು. ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡು ಬಂದ ಈಕೆ 1933ರಲ್ಲಿ ಲೆಕ್ಕಪರಿಶೋಧಕರ ಪರೀಕ್ಷೆಯಲ್ಲಿ ತೇರ್ಗಡೆಯಾದರು. ದೇಶದಲ್ಲಿ ಆ ಅರ್ಹತೆ ಪಡೆದ ಮೊದಲ ಸ್ತ್ರೀ ಇವರೇ. ಸೆರೆವಾಸ ಅನುಭವಿಸಿದವರು ಈ ವೃತ್ತಿಗೆ ನೋಂದಾಯಿಸಲಾಗದೆಂಬ ನಿಯಮ ಅಡ್ಡಬಂದಿತು. ಅವರು ನ್ಯಾಯಾಲಯದ ಮೊರೆಹೊಕ್ಕು ಗೆದ್ದು, 1937ರಲ್ಲಿ ಸ್ವತಂತ್ರವಾಗಿ ವೃತ್ತಿಯನ್ನಾರಂಭಿಸಿದರು.

ಇಂದು ಕಾಯಿದೆಯ ಅಡ್ಡಿಯಿಲ್ಲ. ಆದರೂ ಹತ್ತನೆಯ ತರಗತಿಯಲ್ಲಿ ಗಣಿತದಲ್ಲಿ ಮುಂದಿರುವ ಹುಡುಗಿಗೆ ಹಲವು ಮನೆಗಳಲ್ಲಿ ಸೂಚಿಸುವುದು ಉಪಾಧ್ಯಾಯಿನಿಯ ಅಥವಾ ದಾದಿಯ ಉದ್ಯೋಗವನ್ನೇ. ಅವು ಗೌರವದ ಉದ್ಯೋಗಗಳೆಂಬುದರಲ್ಲಿ ಸಂದೇಹವಿಲ್ಲ. ಬೇರೆ ದಾರಿಗಳೂ ಇವೆಯೆಂದು ಆಕೆಗೆ ತಿಳಿಯದಿರುವುದೇ ನಮಗೆ ಚಿಂತೆಯ ವಿಷಯ. ಹನ್ನೆರಡನೆಯ ತರಗತಿ ಮುಗಿಸಿದವರು ಲೆಕ್ಕಪರಿಶೋಧಕರ ಪ್ರವೇಶ ಹಂತದ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಮುಂದೆ ಅನುಭವಿ ಲೆಕ್ಕಪರಿಶೋಧಕರೊಬ್ಬರ ಕೈಕೆಳಗೆ ತರಬೇತಿಯಾಗಬೇಕು. ಹಿಂದೆ ಮೂರು ವರ್ಷವಿದ್ದ ಈ ಅವಧಿಯನ್ನು ಈಗ ಎರಡಕ್ಕೆ ಇಳಿಸಿದ್ದಾರೆ. ಹಳ್ಳಿಯ ಹುಡುಗಿಗೆ ಆ ಎರಡು ವರ್ಷ ಪಟ್ಟಣದಲ್ಲಿ ವಸತಿಯ ಏರ್ಪಾಡು ಬೇಕು. ಪರೀಕ್ಷೆಯೋ ಇಂಗ್ಲಿಷಿನಲ್ಲಿ, ಇಲ್ಲವೆ ಹಿಂದಿಯಲ್ಲಿ. ಕನ್ನಡದಲ್ಲಿ ಓದಿದ ವಿದ್ಯಾರ್ಥಿನಿಗೆ ಜಮೆ, ಖರ್ಚು, ಆಸ್ತಿ, ಹೊಣೆ ಎಂಬ ಮಾತುಗಳ ಇಂಗ್ಲಿಷ್ ರೂಪಗಳನ್ನು ಎಂಟನೆಯ ತರಗತಿಯಿಂದಲೇ ಜೊತೆಜೊತೆಯಾಗಿ ಹೇಳಿಕೊಡಲು ಪ್ರತ್ಯೇಕ ಪಠ್ಯಪುಸ್ತಕವೇನೂ ಬೇಕಿಲ್ಲ. ಕರಿಹಲಗೆಯ ಒಂದು ಮೂಲೆ ಸಾಕು.