ಜಠರದ ಮ್ಯೂಸಿನ್‌ಗಳು

ಪ್ರಾಣಿಗಳ ಜಠರದ ಒಳಗೋಡೆಗೆ ಮೆತ್ತಿಕೊಂಡ ಲೋಳೆಗೆ ಬಿಗಿ ಕೊಡುವ, ಮೈತುಂಬ ಸಕ್ಕರೆ ಸರಪಳಿಗಳನ್ನು ಹೊತ್ತ ಭಾರೀ ಪ್ರೊಟೀನುಗಳು. ಲೋಳೆಯಲ್ಲಿ ನೂರಕ್ಕೆ ಸುಮಾರು 95 ಪಾಲು ನೀರು. ಉಳಿದುದರಲ್ಲಿ ಮ್ಯೂಸಿನ್, ಲವಣ, ಕೊಬ್ಬಿನಂಶ, ಉದುರಿದ ಕೋಶಗಳ ಚೂರುಗಳಿವೆ. ಮಾಂಸವನ್ನು ಅರಗಿಸುವ ಆಮ್ಲವೂ ಪೆಪ್ಸಿನ್ ಎಂಬ ಕಿಣ್ವವೂ ಮಾಂಸದಿಂದಲೇ ಆದ ಜಠರವನ್ನು ಏಕೆ ಅರಗಿಸುವುದಿಲ್ಲ ಎಂಬ ಹಳೆಯ ಪ್ರಶ್ನೆಗೆ ಉತ್ತರದ ದೊಡ್ಡ ಪಾಲು ಈ ಅಲ್ಪಾಂಶದಲ್ಲಿದೆ.

ಲೋಳೆ ಎಲ್ಲಿದೆ, ಎಲ್ಲಿಲ್ಲ ಎಂದು ನೋಡಲು ಮೆಲುಕು ಹಾಕುವ ಪ್ರಾಣಿಯೇ ಸರಿ. ಉದಾಹರಣೆಗೆ, ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಬನ್ನೂರಿನ ಹೆಸರು ಹೊತ್ತ ಗಿಡ್ಡ ಕಾಲಿನ ಕುರಿ. ಎಲ್ಲ ಕುರಿಗಳಂತೆ ಇದರ ಹೊಟ್ಟೆಗೂ ನಾಲ್ಕು ಕೋಣೆ. ಬೋಟಿ ತೊಳೆದವರ ಕೈಗೆ ಇವುಗಳ ವ್ಯತ್ಯಾಸ ಗೊತ್ತು: ಟವೆಲಿನಂತೆ ಒರಟಾದ ಮೊದಲನೆಯದು, ಜೇನುಗೂಡಿನಂಥ ಎರಡನೆಯದು, ಹಾಳೆಹಾಳೆಯಾದ ಮೂರನೆಯದು. ಇವುಗಳ ಒಳಪದರ ನಮ್ಮ ಚರ್ಮದ ಬಗೆಯದು, ಲೋಳೆ ಒಸರುವ ಗ್ರಂಥಿಗಳಿಲ್ಲ. ನಾಲ್ಕನೆಯದಾದ ಅಬೊಮೇಸಮ್ ಮಾತ್ರ ಬೆರಳಿನಿಂದ ಜಾರುತ್ತದೆ. ಅರಗಿಸುವ ಆಮ್ಲ ಹುಟ್ಟುವುದೂ ಅಲ್ಲಿಯೇ, ಲೋಳೆ ಹುಟ್ಟುವುದೂ ಅಲ್ಲಿಯೇ. ಮೊದಲ ಕೋಣೆಯನ್ನು ಕಾಯುವುದು ಜೊಲ್ಲಿನಲ್ಲಿರುವ ಬೈಕಾರ್ಬೊನೇಟ್. ಕುರಿ ಅಕಸ್ಮಾತ್ತಾಗಿ ಧಾನ್ಯದ ರಾಶಿಗೆ ಬಾಯಿ ಹಾಕಿದರೆ ಅಲ್ಲಿ ಲ್ಯಾಕ್ಟಿಕ್ ಆಮ್ಲ ಏರಿ, ಲೋಳೆಯ ಕಾವಲಿಲ್ಲದ ಆ ಗೋಡೆ ಬೇಗ ಬೇಯುತ್ತದೆ.

ಮ್ಯೂಸಿನ್ನಿನ ಬೆನ್ನೆಲುಬು ಉದ್ದನೆಯ ಪ್ರೊಟೀನು ಎಳೆ. ಅದರ ನಡುಭಾಗದಲ್ಲಿ ಸೆರೀನ್, ಥ್ರಿಯೊನೀನ್, ಪ್ರೋಲೀನ್ ಎಂಬ ಅಮೈನೊ ಆಮ್ಲಗಳು ಮತ್ತೆ ಮತ್ತೆ ಬರುತ್ತವೆ. ಮೊದಲೆರಡರ ಮೇಲೆ ಎನ್-ಅಸಿಟೈಲ್ ಗ್ಯಾಲಕ್ಟೊಸಮೀನ್ ಕೂತು, ಅದರಿಂದ ಗ್ಯಾಲಕ್ಟೋಸ್, ಫ್ಯೂಕೋಸ್, ಸಯಾಲಿಕ್ ಆಮ್ಲ ಮೊದಲಾದವುಗಳ ಕವಲು ಸರಪಳಿಗಳು ಚಿಗುರುತ್ತವೆ. ಅಣುವಿನ ತೂಕದಲ್ಲಿ ಶೇಕಡ 80ರವರೆಗೂ ಸಕ್ಕರೆಯೇ ಇರಬಹುದು. ಪ್ರೊಟೀನು ಎಂಬ ಹೆಸರು ವಾಡಿಕೆಯದು ಅಷ್ಟೆ. ಒಟ್ಟು ಆಕಾರ ಬಾಟಲಿ ತೊಳೆಯುವ ಬ್ರಷ್ಷಿನದು. ಸಕ್ಕರೆ ದಟ್ಟವಾಗಿರುವಲ್ಲಿ ಪೆಪ್ಸಿನ್ನಿಗೆ ಕಡಿಯಲು ಜಾಗ ಸಿಗದು. ತುದಿಗಳಲ್ಲಿ ಸಕ್ಕರೆ ವಿರಳ, ಸಿಸ್ಟೀನ್ ಹೇರಳ. ಅಲ್ಲಿ ಡೈಸಲ್ಫೈಡ್ ಬಂಧಗಳು ಅಣುವಿಗೆ ಅಣುವನ್ನು ಗಂಟುಹಾಕಿ ಹಲವು ದಶಲಕ್ಷ ಡಾಲ್ಟನ್ ತೂಕದ ಬಲೆ ನೇಯುತ್ತವೆ. ಕಫ ಕರಗಿಸಲು ಕೊಡುವ ಅಸಿಟೈಲ್ ಸಿಸ್ಟೀನ್ ಬಿಚ್ಚುವುದು ಇದೇ ಬಗೆಯ ಗಂಟನ್ನು. ಸಯಾಲಿಕ್ ಆಮ್ಲ ಮತ್ತು ಸಲ್ಫೇಟಿನ ಋಣ ವಿದ್ಯುದಂಶಗಳು ಒಂದನ್ನೊಂದು ದೂಡುವುದರಿಂದ ಬಲೆ ಹಿಗ್ಗಿ ನೀರು ಹಿಡಿಯುತ್ತದೆ. ಬೋಟಿಗೆ ಉಪ್ಪು ಹಾಕಿ ಉಜ್ಜಿದಾಗ ಆ ದೂಡಾಟ ತಗ್ಗುತ್ತದೆ, ಲೋಳೆ ಕುಗ್ಗುತ್ತದೆ.

ಮನುಷ್ಯನ ಜಠರದಲ್ಲಿ ಮುಖ್ಯವಾದವು ಎರಡು: ಮೇಲ್ಮೈ ಕೋಶಗಳು ಸ್ರವಿಸುವ ಮಕ್-5ಎಸಿ, ಗ್ರಂಥಿಗಳ ಆಳದಿಂದ ಬರುವ ಮಕ್-6. ಪ್ರಯೋಗಾಲಯಗಳಿಗೆ ಹೆಚ್ಚಾಗಿ ಒದಗಿದ್ದು ಹಂದಿಯದು. ತಟಸ್ಥ ದ್ರಾವಣದಲ್ಲಿ ಹರಿದಾಡುವ ಹಂದಿಯ ಮ್ಯೂಸಿನ್ ಪಿಎಚ್ 4ಕ್ಕಿಂತ ಕೆಳಗಿಳಿದರೆ ಹೆಪ್ಪುಗಟ್ಟುತ್ತದೆ. ಅಂದರೆ ಆಮ್ಲ ಏರಿದಂತೆ ಅದನ್ನು ತಡೆಯುವ ಪರದೆಯೂ ಬಿಗಿಯಾಗುತ್ತದೆ. ಪರದೆಯ ಕೆಳಗೆ ಕೋಶಗಳು ಬೈಕಾರ್ಬೊನೇಟ್ ಬಿಡುತ್ತಿರುವುದರಿಂದ ಜಠರದ ನಡುವೆ ಪಿಎಚ್ 2ರ ಆಸುಪಾಸು ಇದ್ದರೂ ಗೋಡೆಯ ಬಳಿ 7ರ ಹತ್ತಿರ ನಿಲ್ಲುತ್ತದೆ. ಹಾಗಾದರೆ ಗ್ರಂಥಿಯ ಆಮ್ಲ ಈ ಪದರವನ್ನು ದಾಟಿ ಹೊರಬರುವುದು ಹೇಗೆ? 1992ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ, ಒತ್ತಡದಿಂದ ನುಗ್ಗಿದ ಆಮ್ಲ ಮ್ಯೂಸಿನ್ನಿನಲ್ಲಿ ಬೆರೆಯದೆ ಸಣ್ಣ ಕಾಲುವೆ ಕೊರೆದುಕೊಂಡು ಮೇಲೇರಿತು.

ಈ ಪರದೆಯನ್ನು ಮೀರುವ ದಾರಿಗಳೂ ಇವೆ. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯ ಯೂರಿಯಾವನ್ನು ಒಡೆದು ಅಮೋನಿಯ ಮಾಡಿ, ತನ್ನ ಸುತ್ತಲಿನ ಹೆಪ್ಪನ್ನು ನೀರಾಗಿಸಿಕೊಂಡು ಈಜುತ್ತದೆ. ಆದರೆ ಮಕ್-6ರ ಕೊನೆಯ ಸಕ್ಕರೆಯೊಂದು ಆ ಬ್ಯಾಕ್ಟೀರಿಯದ ಕೋಶಭಿತ್ತಿಯ ತಯಾರಿಯನ್ನೇ ಕೆಡಿಸುತ್ತದೆ. ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಲೋಳೆ, ಬೈಕಾರ್ಬೊನೇಟುಗಳ ಸ್ರಾವವನ್ನು ಹುರಿದುಂಬಿಸುವ ಪ್ರೋಸ್ಟಗ್ಲಾಂಡಿನ್ನನ್ನು ತಗ್ಗಿಸುವುದರಿಂದ ಅವೆರಡೂ ಇಳಿಯುತ್ತವೆ. ಕುರಿಗೆ ಬರುವ ಪೀಡೆ ಹೀಮಾಂಕಸ್ ಎಂಬ ರಕ್ತ ಹೀರುವ ಹುಳು. ಬೆಚ್ಚನೆಯ ತೇವದ ಹುಲ್ಲಿನಲ್ಲಿ ಅದರ ಮರಿಗಳು ಬೆಳೆಯುತ್ತವೆ, ನೆಲೆ ಅಬೊಮೇಸಮ್. ಹುಳು ಕೂತಾಗ ಅಲ್ಲಿ ಆಮ್ಲ ಇಳಿಯುತ್ತದೆ, ಲೋಳೆ ಕೋಶಗಳು ಹೆಚ್ಚುತ್ತವೆ. ರೋಗನಿರೋಧಕ ಶಕ್ತಿ ಬಂದ ಕುರಿಯಲ್ಲಿ, ಹೊಸದಾಗಿ ಬಂದ ಮರಿಹುಳುಗಳು ಲೋಳೆಯಲ್ಲಿ ಸಿಕ್ಕಿಕೊಂಡು ಹೊರಹೋಗುತ್ತವೆ.

ಬಾಳೆ ಹೊಟ್ಟೆಗೆ ತಂಪು ಎಂಬ ಮಾತು ನಂಜನಗೂಡಿನ ಕಡೆ ರಸಬಾಳೆಯ ಜೊತೆಗೇ ಬರುತ್ತದೆ. 1984ರಲ್ಲಿ ಇಂಗ್ಲೆಂಡಿನಲ್ಲೂ 1986ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಿಂದಲೂ ಪ್ರಕಟವಾದ ಪ್ರಯೋಗಗಳಲ್ಲಿ, ಒಣಗಿಸಿದ ಬಾಳೆಕಾಯಿಯ ಪುಡಿ ಇಲಿಗಳ ಜಠರವನ್ನು ಹುಣ್ಣಿನಿಂದ ಕಾಪಾಡಿ ಲೋಳೆಪೊರೆಯನ್ನು ಬಲಪಡಿಸಿತು. ಆ ಗುಣ ಕಂಡದ್ದು ಕಾಯಿಯಲ್ಲಿ. ರಸಬಾಳೆಯನ್ನಾದರೋ ಸಿಪ್ಪೆ ಹಳದಿಯಾಗಿ ಪರಿಮಳ ಹೊಮ್ಮಿದ ಮೇಲೆ ತಿನ್ನುವುದು.