ಕೌದಿಯ ಹಿಂಬದಿಯಲ್ಲಿ ಒಂದು ಹೆಸರು

ನಮ್ಮ ಕನ್ನಡ ಕೂಟದ ನಾವು ನಾಲ್ಕು ಜನ ಹೆಂಗಸರು ತಿಂಗಳಿಗೆ ಎರಡು ಶನಿವಾರ ಒಬ್ಬರ ಮನೆಯ ಬೇಸ್‌ಮೆಂಟಿನಲ್ಲಿ ಸೇರಿ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿಯುತ್ತೇವೆ. ಮನೆಯವರು ನಮ್ಮನ್ನು "ಚಿಂದಿ ಸಂಘ" ಎಂದು ತಮಾಷೆ ಮಾಡುತ್ತಾರೆ. ಮಾಡಲಿ, ಚಿಂತೆಯಿಲ್ಲ. ಹಿಮ ಬೀಳಲು ಶುರುವಾದಾಗ ಆ ಚಿಂದಿಯನ್ನೇ ಮೊದಲು ಎಳೆದುಕೊಂಡು ಹೊದೆಯುವವರೂ ಅವರೇ!

ಈ ಹವ್ಯಾಸ ನಮಗೆ ಅಂಟಿಕೊಂಡದ್ದು ಇಲ್ಲಿ, ಅಮೆರಿಕದಲ್ಲಿ. ಊರಿನ ಲೈಬ್ರರಿಯಲ್ಲಿ ನಡೆದ ಕ್ವಿಲ್ಟ್ ತರಗತಿಗೆ ಸುಮ್ಮನೆ ಹೊತ್ತು ಕಳೆಯಲು ಹೋಗಿದ್ದೆವು. ಮೇಲೊಂದು ತೇಪೆ ಜೋಡಿಸಿದ ಪದರ, ನಡುವೆ ಹತ್ತಿಯ ಪದರ, ಕೆಳಗೊಂದು ಅಸ್ತರಿ, ಮೂರನ್ನೂ ಸೇರಿಸಿ ದಾರ ಓಡಿಸಿದರೆ ಕ್ವಿಲ್ಟ್ ಎಂದು ಟೀಚರ್ ವಿವರಿಸುತ್ತಿದ್ದರು. ನಮ್ಮಲ್ಲಿ ಧಾರವಾಡದ ಕಡೆಯವರೊಬ್ಬರು ತಡೆಯಲಾರದೆ, "ಇದು ನಮ್ಮ ಕೌದಿ ಅಲ್ಲೇನ್ರೀ!" ಎಂದು ಕನ್ನಡದಲ್ಲೇ ಕೂಗಿಬಿಟ್ಟರು. ಹೌದಲ್ಲ! ಉತ್ತರ ಕರ್ನಾಟಕದ ಯಾವ ಮನೆಯಲ್ಲಿ ಕೌದಿ ಇರಲಿಲ್ಲ? ಸವೆದ ಇಳಕಲ್ ಸೀರೆ, ಹಳೆಯ ಧೋತರ, ಮಕ್ಕಳಿಗೆ ಚಿಕ್ಕದಾದ ಅಂಗಿ, ಎಲ್ಲವೂ ಪದರಪದರವಾಗಿ ಅದರೊಳಗೆ ಸೇರುತ್ತಿದ್ದವು. ಬಾಣಂತಿಗೂ ಕೌದಿ, ಕೂಸಿಗೂ ಕೌದಿ, ಬಂದ ನೆಂಟರಿಗೂ ಕೌದಿ. ಇದಕ್ಕೆ ಬೊಂತೆ ಎಂಬ ಹಳೆಯ ಮಾತೂ ಉಂಟು. ಸಾವಿರಾರು ಮೈಲಿ ದೂರ ಬಂದು, ಫೀಸು ಕೊಟ್ಟು, ಅಜ್ಜಿಯ ವಿದ್ಯೆಯನ್ನೇ ಕಲಿಯಲು ಕೂತಿದ್ದೆವು.

ಹೊಲಿಯುತ್ತಾ ಹೊಲಿಯುತ್ತಾ ಇದರ ಚರಿತ್ರೆ ಓದುವ ಚಟವೂ ಹತ್ತಿತು. ಓದಿದಂತೆಲ್ಲಾ ಒಂದು ಸಂಗತಿ ಮತ್ತೆ ಮತ್ತೆ ಎದುರಾಯಿತು. ಕ್ವಿಲ್ಟು ಉಳಿದಿದೆ, ಹೊಲಿದವಳ ಹೆಸರು ಉಳಿದಿಲ್ಲ.

1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಒಂದು ಪ್ರದರ್ಶನ ನಡೆಯಿತು. ಜೊನಾಥನ್ ಹೋಲ್‌ಸ್ಟೀನ್ ಮತ್ತು ಗೇಲ್ ವ್ಯಾನ್ ಡರ್ ಹೂಫ್ ಎಂಬಿಬ್ಬರು ತಾವು ಕೂಡಿಹಾಕಿದ್ದ ಹಳೆಯ ಕ್ವಿಲ್ಟುಗಳನ್ನು ಹಾಸಿಗೆಯಿಂದ ಎತ್ತಿ, ಆಧುನಿಕ ವರ್ಣಚಿತ್ರಗಳಂತೆ ಗೋಡೆಗೆ ತೂಗುಹಾಕಿದರು. ಹೊದಿಕೆ ಎಂದುಕೊಂಡದ್ದು ಕಲೆಯೂ ಹೌದು ಎಂದು ಅನೇಕರ ಕಣ್ಣು ತೆರೆಯಿತು. ಆದರೆ ಬಹುತೇಕ ಕ್ವಿಲ್ಟುಗಳನ್ನು ಮಾಡಿದವರು ಯಾರೆಂದು ಹೇಳುವಂತಿರಲಿಲ್ಲ. ವರ್ಣಚಿತ್ರಕಾರ ಮೂಲೆಯಲ್ಲಿ ಸಹಿ ಹಾಕುತ್ತಾನೆ. ಅಡುಗೆ, ಕಸ, ಮುಸುರೆ, ಹೊಲದ ಕೆಲಸ ಎಲ್ಲ ಮುಗಿಸಿ ರಾತ್ರಿ ಸೂಜಿ ಹಿಡಿದವಳಿಗೆ ಸಹಿ ಹಾಕಬೇಕೆಂದು ತೋಚಿದ್ದು ಅಪರೂಪ.

ಹೆಸರು ಉಳಿದಾಗ ಏನಾಗುತ್ತದೆ ಎನ್ನುವುದಕ್ಕೆ ಹ್ಯಾರಿಯೆಟ್ ಪವರ್ಸ್ ಸಾಕ್ಷಿ. ಈಕೆ 1837ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಗುಲಾಮಳಾಗಿ ಹುಟ್ಟಿದವಳು. ಬೈಬಲ್ಲಿನ ಕಥೆಗಳನ್ನು ಬಟ್ಟೆಯ ಚಿತ್ರಗಳಾಗಿ ಕತ್ತರಿಸಿ ಹೊಲಿದ ಈಕೆಯ ಕ್ವಿಲ್ಟ್ 1886ರಲ್ಲಿ ಅಥೆನ್ಸ್ ಊರಿನ ಹತ್ತಿ ಜಾತ್ರೆಯಲ್ಲಿ ಪ್ರದರ್ಶನಕ್ಕಿತ್ತು. ಜೆನ್ನಿ ಸ್ಮಿತ್ ಎಂಬ ಚಿತ್ರಕಲಾ ಶಿಕ್ಷಕಿ ಕೊಳ್ಳಲು ಬಂದಾಗ ಈಕೆ ಮಾರಲು ಒಪ್ಪಲಿಲ್ಲ. ಕೆಲವು ವರ್ಷಗಳ ನಂತರ ಕೈ ಕಟ್ಟಿಹೋದಾಗ ತಾನೇ ಹೊತ್ತುಕೊಂಡು ಹೋಗಿ ಹತ್ತು ಡಾಲರ್ ಕೇಳಿದಳು, ಸಿಕ್ಕಿದ್ದು ಐದು. ಆಮೇಲೂ ತನ್ನ ಕ್ವಿಲ್ಟನ್ನು ನೋಡಿ ಹೋಗಲು ಹಲವು ಸಲ ಬಂದಳಂತೆ. ಕೊಟ್ಟ ಮನೆಯಲ್ಲಿ ಮಗಳು ಹೇಗಿದ್ದಾಳೆಂದು ನೋಡಲು ಬರುವ ತಾಯಿಯ ಹಾಗೆ! ಒಂದೊಂದು ಚಿತ್ರದ ಅರ್ಥವನ್ನೂ ಆಕೆ ಹೇಳಿದಂತೆ ಸ್ಮಿತ್ ಬರೆದಿಟ್ಟರು. ಬರೆದಿಟ್ಟದ್ದರಿಂದಲೇ ಇವತ್ತು ಸ್ಮಿತ್‌ಸೋನಿಯನ್‌ನಲ್ಲಿರುವ ಆ ಕ್ವಿಲ್ಟ್ "ಯಾರೋ ಹೊಲಿದದ್ದು" ಅಲ್ಲ, ಹ್ಯಾರಿಯೆಟ್ ಪವರ್ಸ್ ಹೊಲಿದದ್ದು. ಉಳಿದಿರುವ ಆಕೆಯ ಇನ್ನೊಂದು ಕ್ವಿಲ್ಟ್ ಬಾಸ್ಟನ್ನಿನ ಮ್ಯೂಸಿಯಂನಲ್ಲಿದೆ.

ಬರೆದಿಡದಿದ್ದರೆ ಆ ಜಾಗಕ್ಕೆ ಕಟ್ಟುಕಥೆ ಬಂದು ಕೂರುತ್ತದೆ. ಗುಲಾಮರು ತಪ್ಪಿಸಿಕೊಂಡು ಓಡುವ ದಾರಿಯನ್ನು ಕ್ವಿಲ್ಟಿನ ವಿನ್ಯಾಸಗಳಲ್ಲಿ ಗುಪ್ತಸಂಕೇತವಾಗಿ ಹೊಲಿಯುತ್ತಿದ್ದರು ಎಂಬ ಕಥೆ 1999ರಲ್ಲಿ ಬಂದ ಒಂದು ಪುಸ್ತಕದಿಂದ ಮನೆಮಾತಾಯಿತು. ನಾವೂ ನಂಬಿದ್ದೆವು, ಮಕ್ಕಳಿಗೂ ಹೇಳಿದ್ದೆವು. ಇತಿಹಾಸಕಾರರು ಹುಡುಕಿದಾಗ ಅದಕ್ಕೆ ಆ ಕಾಲದ ಆಧಾರವೇನೂ ಸಿಗಲಿಲ್ಲ.

ಅಲಬಾಮಾದ ಜೀಸ್ ಬೆಂಡ್ ಎಂಬ ಹಳ್ಳಿಯ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಅಲಬಾಮಾ ನದಿ ಮೂರು ಕಡೆ ಸುತ್ತುವರಿದ ಆ ಊರಿನಲ್ಲಿ ಅನೇಕರ ಮನೆತನದ ಹೆಸರು ಪೆಟ್‌ವೇ. ಅದು ಅವರ ಹಿರಿಯರನ್ನು ಗುಲಾಮರಾಗಿಟ್ಟುಕೊಂಡಿದ್ದ ಧಣಿಯ ಹೆಸರು. ಅಲ್ಲಿಯ ಮಿಸೌರಿ ಪೆಟ್‌ವೇ ಎಂಬಾಕೆ 1942ರಲ್ಲಿ, ಗಂಡ ತೀರಿಕೊಂಡ ಮೇಲೆ, ಅವನು ಹೊಲದಲ್ಲಿ ದುಡಿಯುವಾಗ ತೊಡುತ್ತಿದ್ದ ಬಟ್ಟೆಗಳನ್ನೆಲ್ಲ ಕತ್ತರಿಸಿ ಒಂದು ಕ್ವಿಲ್ಟ್ ಮಾಡಿದಳು. ಅವನನ್ನು ನೆನೆಯುತ್ತಾ ಅದನ್ನು ಹೊದ್ದು ಮಲಗಬೇಕೆಂಬುದೇ ಅವಳ ಆಸೆಯಾಗಿತ್ತು ಎಂದು ಮಗಳು ಆರ್ಲೋಂಜಿಯಾ ನೆನಪಿನಿಂದ ಹೇಳಿದ್ದಾಳೆ. 2002ರಲ್ಲಿ ಜೀಸ್ ಬೆಂಡಿನ ಕ್ವಿಲ್ಟುಗಳು ಹೂಸ್ಟನ್ನಿನಲ್ಲಿ, ಬಳಿಕ ಅದೇ ವಿಟ್ನಿಯಲ್ಲಿ ಪ್ರದರ್ಶನಗೊಂಡವು. 31 ವರ್ಷಗಳ ನಂತರ, ಈ ಸಲ ಹೊಲಿದವರ ಹೆಸರುಗಳೊಂದಿಗೆ! ಮಿಸೌರಿ ಪೆಟ್‌ವೇಯ ಆ ಕ್ವಿಲ್ಟ್ ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯ ಸಂಗ್ರಹದಲ್ಲಿದೆ.

ನಮ್ಮ ನಾಡಿನ ಒಂದು ಕೌದಿಗೂ ಇಂಥ ಭಾಗ್ಯ ಬಂದಿದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ನೆಲೆಸಿರುವ ಸಿದ್ದಿಯರು ಆಫ್ರಿಕಾದಿಂದ ಬಂದವರ ಸಂತತಿ. ಅವರಲ್ಲಿ ಅನೇಕರ ಹಿರಿಯರು ಗೋವೆಯ ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು. ಅವರ ಹೆಂಗಸರು ಹೊಲಿಯುವ ಕೌದಿಗೆ ಕವಂದಿ ಎನ್ನುತ್ತಾರೆ. ಅಮೆರಿಕದವರು ತುಂಡುಗಳನ್ನು ಮೊದಲು ಚೌಕಗಳಾಗಿ ಜೋಡಿಸಿಕೊಂಡು ಆಮೇಲೆ ಪದರ ಸೇರಿಸುತ್ತಾರೆ. ಸಿದ್ದಿ ಹೆಂಗಸರು ಹಾಗಲ್ಲ. ಅಂಚಿನಿಂದ ಶುರುಮಾಡಿ, ಸುತ್ತ ತೇಪೆ ಇಟ್ಟುಕೊಂಡು, ಪದರಗಳನ್ನೂ ಜೊತೆಗೇ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಹೂವು ಇಡಲೇಬೇಕು; ಅದಿಲ್ಲದಿದ್ದರೆ ಕವಂದಿ ಬೆತ್ತಲೆ ಎಂದು ಅವರ ಲೆಕ್ಕ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಆಸಕ್ತಿಯಿಂದ ಈ ಕವಂದಿಗಳು 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು.

ಇಷ್ಟೆಲ್ಲ ಓದಿಕೊಂಡಿದ್ದ ನಮಗೆ ಪಾಠವಾದದ್ದು ನಮ್ಮ ಮನೆಯಲ್ಲೇ. ಧಾರವಾಡದ ಕಡೆಯ ನಮ್ಮ ಗೆಳತಿಯ ತಾಯಿ ತೀರಿಕೊಂಡ ಮೇಲೆ ಅವರು ಊರಿಗೆ ಹೋಗಿ ಒಂದು ಕೌದಿ ಮಾತ್ರ ಸೂಟ್‌ಕೇಸಿನಲ್ಲಿಟ್ಟುಕೊಂಡು ಬಂದರು. ಶನಿವಾರ ಅದನ್ನು ಹಾಸಿ ಸುತ್ತ ಕೂತೆವು. ಇದು ಅವ್ವನ ಮದುವೆ ಸೀರೆಯ ಸೆರಗು, ಇದು ಅಪ್ಪನ ಅಂಗಿ, ಇದು ತಾನು ನಾಲ್ಕನೇ ಇಯತ್ತೆಗೆ ಹಾಕಿಕೊಂಡು ಹೋಗುತ್ತಿದ್ದ ಲಂಗ, ಎಂದು ಬೆರಳಿಟ್ಟು ಹೇಳುತ್ತಾ ಹೋದರು. ಹೊಲಿದವರು ಯಾರು ಎಂದೆವು. ಸುಗ್ಗಿ ಮುಗಿದ ಮೇಲೆ ಊರೂರು ತಿರುಗಿ ಕೌದಿ ಹೊಲಿಯುವ ಒಬ್ಬ ಹೆಂಗಸು ಬರುತ್ತಿದ್ದಳು, ಪಡಸಾಲೆಯಲ್ಲಿ ಕೂತು ಮೂರು ನಾಲ್ಕು ದಿನ ಹೊಲಿಯುತ್ತಿದ್ದಳು, ಅವ್ವ ಜೋಳ ಅಳೆದು ಕೊಡುತ್ತಿದ್ದಳು ಎಂದರು. ಅವಳ ಹೆಸರು? ಗೆಳತಿ ಸುಮ್ಮನಾದರು. ಅಣ್ಣನಿಗೆ ಫೋನ್ ಮಾಡಿದರು, ಚಿಕ್ಕಮ್ಮನಿಗೆ ಮಾಡಿದರು. "ಕೌದಿಯಾಕಿ" ಎನ್ನುತ್ತಿದ್ದೆವು ಎಂಬುದರ ಹೊರತು ಯಾರಿಗೂ ನೆನಪಿಲ್ಲ. ತಪ್ಪಿಸಬಹುದಾಗಿದ್ದ ಒಬ್ಬರೇ ಒಬ್ಬರು, ಅವ್ವ, ಇಲ್ಲ. ಗುಲಾಮರ ಹೆಸರು ಬರೆದಿಡದ ಧಣಿಗಳನ್ನು ಬೈದುಕೊಂಡು ಓದುತ್ತಿದ್ದ ನಾವು ಆ ದಿನ ತಲೆ ತಗ್ಗಿಸಿ ಕೂತೆವು.

1981ರಲ್ಲಿ ಕೆಂಟಕಿ ರಾಜ್ಯದಲ್ಲಿ ಕೆಲವರು, ನಿಮ್ಮ ಮನೆಯ ಹಳೆಯ ಕ್ವಿಲ್ಟ್ ತನ್ನಿ, ಯಾರು ಯಾವಾಗ ಮಾಡಿದ್ದು ದಾಖಲಿಸುತ್ತೇವೆ ಎಂದು ಜನರನ್ನು ಕರೆದರು. ಬಳಿಕ ಬೇರೆ ರಾಜ್ಯಗಳಲ್ಲೂ ಈ ಕೆಲಸ ಹಬ್ಬಿತು. ನಾವೂ ನಮ್ಮ ಅಳತೆಗೆ ತಕ್ಕಂತೆ ಅದನ್ನೇ ಮಾಡಬೇಕೆಂದಿದ್ದೇವೆ. ಮುಂದಿನ ಸಲ ಕೂಟ ಸೇರಿದಾಗ ನಿಮ್ಮ ಮನೆಯ ಕೌದಿ, ದುಪ್ಪಟಿ, ಕ್ವಿಲ್ಟ್ ಏನಿದ್ದರೂ ತನ್ನಿ. ಅಂಗೈಯಗಲದ ಬಿಳಿ ಬಟ್ಟೆಯ ಮೇಲೆ ಅಳಿಸದ ಶಾಯಿಯಲ್ಲಿ ಹೊಲಿದವರ ಹೆಸರು, ಊರು, ವರ್ಷ, ಯಾರ ಬಟ್ಟೆ ಎಂಬುದನ್ನು ಬರೆದು ಹಿಂಬದಿಯ ಮೂಲೆಗೆ ನಾವೇ ಹೊಲಿದು ಕೊಡುತ್ತೇವೆ. ಊರಿನಲ್ಲಿ ಅಜ್ಜಿ, ಅತ್ತೆ ಇದ್ದರೆ ಈ ವಾರವೇ ಫೋನ್ ಮಾಡಿ ಕೇಳಿಕೊಳ್ಳಿ. ಮುಂದಿನ ರಜೆಗೆ ಹೋದಾಗ ಕೇಳೋಣ ಎಂದು ಮಾತ್ರ ತಡ ಮಾಡಬೇಡಿ.

ಗೆಳತಿಯ ಕೌದಿಗೂ ಒಂದು ಚೀಟಿ ಹೊಲಿದಿದ್ದೇವೆ. ಅವ್ವನ ಹೆಸರಿದೆ, ಅಪ್ಪನ ಹೆಸರಿದೆ, ಊರಿದೆ. ಹೊಲಿದವರು ಎಂಬ ಸಾಲಿನ ಮುಂದೆ ಜಾಗ ಖಾಲಿ ಬಿಟ್ಟಿದ್ದೇವೆ. ಯಾರಿಗಾದರೂ ನೆನಪಾದರೆ ಬರೆಯೋಣ ಎಂದು.