ರಾಗಿಯ ಹೊಲ, ನೀಲಗಿರಿಯ ತೋಪು

ಶ್ರೀನಿವಾಸಪುರದ ಹಳೆಯ ಹೆಸರು ಪಾಪನಪಲ್ಲಿ. ದಿವಾನ್ ಪೂರ್ಣಯ್ಯನವರು ತಿರುಪತಿಯ ಯಾತ್ರೆಯಿಂದ ಹಿಂದಿರುಗುವಾಗ ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರನ್ನು ಈ ಊರಿಗೆ ಇಟ್ಟರೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಊರಿನ ಹೆಸರು ಬದಲಾದ ಸಂಗತಿಯನ್ನು ಹೀಗೆ ಒಂದೇ ವಾಕ್ಯದಲ್ಲಿ ಮುಗಿಸಬಹುದು. ಆದರೆ ಊರಿನ ಸುತ್ತಲಿನ ಹೊಲದಲ್ಲಿ ಬೆಳೆ ಬದಲಾದ ಕಥೆಯನ್ನು ಹಾಗೆ ಮುಗಿಸಲಾಗದು. ಅದನ್ನು ಹಲವು ಕಡೆಗಳಿಂದ ಹೆಕ್ಕಿ ಕೂಡಿಸಬೇಕಾಗುತ್ತದೆ. ಆ ಕಥೆಯ ಎರಡು ಮುಖ್ಯ ಪಾತ್ರಗಳು ರಾಗಿ ಮತ್ತು ನೀಲಗಿರಿ. ಎರಡೂ ಹೊರಗಿನಿಂದ ಬಂದವು. ಒಂದು ಆಫ್ರಿಕದ್ದು, ಇನ್ನೊಂದು ಆಸ್ಟ್ರೇಲಿಯದ್ದು. ಮೊದಲನೆಯದನ್ನು ನಾವು ನಮ್ಮದೆಂದು ಎಷ್ಟು ಗಾಢವಾಗಿ ನಂಬಿದ್ದೇವೆಂದರೆ, ಅದು ಪರದೇಶದ ಧಾನ್ಯವೆಂದು ಹೇಳಿದವನನ್ನು ಹಳ್ಳಿಯ ಹಿರಿಯರು ಅನುಮಾನದಿಂದ ನೋಡುತ್ತಾರೆ.

ಆದರೂ ಮಾತು ನಿಜ. ರಾಗಿಯ ಕಾಡು ಪೂರ್ವಜ ಇಂದಿಗೂ ಪೂರ್ವ ಆಫ್ರಿಕದ ಎತ್ತರದ ನೆಲದಲ್ಲಿ, ಇಥಿಯೋಪಿಯದಿಂದ ಉಗಾಂಡದವರೆಗಿನ ಸೀಮೆಯಲ್ಲಿ ಬೆಳೆಯುತ್ತದೆ. ಇಥಿಯೋಪಿಯದವರು ಅದನ್ನು ದಗುಸ್ಸ ಎನ್ನುತ್ತಾರೆ, ಸ್ವಾಹಿಲಿ ಮಾತಿನವರು ವಿಂಬಿ ಎನ್ನುತ್ತಾರೆ. ಉಗಾಂಡದ ತೇಸೊ ಜನ ರಾಗಿಯಿಂದ ಮಾಡಿದ ಮದ್ಯದ ಗಡಿಗೆಯ ಸುತ್ತ ಕುಳಿತು ಉದ್ದನೆಯ ಕೊಳವೆಗಳಿಂದ ಒಟ್ಟಾಗಿ ಹೀರುತ್ತಾರೆ. ನಮ್ಮಲ್ಲಿ ಅದೇ ಧಾನ್ಯ ಮುದ್ದೆಯಾಯಿತು, ತೆಲುಗು ಬೆರೆತ ಗಡಿಯ ಮನೆಗಳಲ್ಲಿ ಸಂಗಟಿಯಾಯಿತು. ರಾಗಿ ಒಂಟಿಯಾಗಿಯೂ ಬರಲಿಲ್ಲ. ನಮ್ಮ ರೈತ ರಾಗಿಯ ನಡುವೆ ಹಾಕುವ ಅಕ್ಕಡಿ ಸಾಲನ್ನು ಒಮ್ಮೆ ನೆನೆಯಿರಿ: ಅವರೆ, ಜೋಳ, ಅಲಸಂದೆ, ಹುಚ್ಚೆಳ್ಳು, ಬದುವಿನ ಮೇಲೆ ಹರಳು. ಇವೆಲ್ಲದರ ಮೂಲ ನೆಲೆ ಆಫ್ರಿಕವೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಹೊಲದಂಚಿನ ಹುಣಸೆಮರವೂ ಅಲ್ಲಿಯದೇ. ತೊಗರಿಯೊಂದು ನಮ್ಮ ದೇಶದ್ದು. ಯಲ್ದೂರಿನ ಕಡೆಯೋ ರೋಣೂರಿನ ಕಡೆಯೋ ಒಂದು ಹಳೆಯ ಕಾಲದ ಖುಷ್ಕಿ ಹೊಲದಲ್ಲಿ ನಿಂತವನು ತಿಳಿಯದೆಯೇ ಮುಕ್ಕಾಲು ಪಾಲು ಆಫ್ರಿಕದಲ್ಲಿ ನಿಂತಿರುತ್ತಿದ್ದ.

ರಾಗಿ ಎಷ್ಟು ಹಿಂದೆ ಬಂತೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ತುಂಗಭದ್ರೆಯ ದಡದ ಹಳ್ಳೂರಿನ ಉತ್ಖನನದಲ್ಲಿ ದೊರೆತ ಕಾಳುಗಳನ್ನು ಕೆಲವರು ರಾಗಿಯೆಂದರು, ಕೆಲವರು ಸಂದೇಹಪಟ್ಟರು. ಆ ವಾದ ಹಾಗಿರಲಿ. ಬಂದ ಮೇಲೆ ಅದು ಇಲ್ಲಿ ಹೇಗೆ ಬೇರೂರಿತೆಂಬುದು ನಮಗೆ ಹೆಚ್ಚು ಮುಖ್ಯ. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಕಾಣುವ, ವರ್ಷಪೂರ್ತಿ ಹರಿಯುವ ನದಿಯೊಂದೂ ಇಲ್ಲದ ಕೆಂಪು ನೆಲ ಇದು. ಪಾಪಾಗ್ನಿ, ಪಾಲಾರ್‌ಗಳೆಂಬ ಹೆಸರುಗಳಿವೆ. ಮಳೆ ಬಂದ ದಿನ ಮಾತ್ರ ಅವುಗಳಿಗೆ ನದಿಯ ರೂಪ. ಕೆರೆಯ ಕೆಳಗಿನ ತರಿ ಭೂಮಿಯಲ್ಲಿ ಬತ್ತ, ಉಳಿದುದೆಲ್ಲ ರಾಗಿ. ಕೂರಿಗೆಯಿಂದ ಬಿತ್ತುವವನು ಒಬ್ಬ, ಹಿಂದಿನಿಂದ ಅಕ್ಕಡಿ ಬಿಡುವವಳು ಒಬ್ಬಳು, ಕುಂಟೆ ಹೊಡೆಯುವವರು, ಕಳೆ ತೆಗೆಯುವ ಹೆಂಗಸರ ಸಾಲು, ಕೊಯ್ಲಿನವರು, ಕಣದಲ್ಲಿ ಗುಂಡು ಎಳೆಸುವವರು, ತೂರುವವರು — ಒಂದು ಹೊಲದ ರಾಗಿ ಮನೆ ಸೇರುವಷ್ಟರಲ್ಲಿ ನೆಲವಿಲ್ಲದ ಹತ್ತು ಮನೆಗಳಿಗೂ ಅದರ ಪಾಲು ಹೋಗಿರುತ್ತಿತ್ತು. ಕೂಲಿಯನ್ನು ಕಾಳಿನಲ್ಲಿಯೇ ಅಳೆಯುತ್ತಿದ್ದ ಕಾಲವದು. ಹುಲ್ಲು ದನಕ್ಕೆ. ಮಿಕ್ಕ ಕಾಳು ನೆಲದೊಳಗಿನ ಹಗೇವಿಗೆ. ಹುಳು ಹಿಡಿಯದೆ ವರ್ಷಗಟ್ಟಲೆ ಉಳಿಯುವ ಗುಣ ರಾಗಿಗೆ ಇದ್ದುದರಿಂದಲೇ ಈ ಸೀಮೆ ಎಷ್ಟೋ ಬರಗಳನ್ನು ದಾಟಿತು. ಈ ವ್ಯವಸ್ಥೆ ನ್ಯಾಯವಾದದ್ದಾಗಿತ್ತೆಂದು ನಾನು ಹೇಳುತ್ತಿಲ್ಲ. ಕಾಳು ಅಳೆಯುವ ಕೈಯ ಜಾತಿ ಯಾವುದು, ಸೆರಗೊಡ್ಡುವ ಕೈಯ ಜಾತಿ ಯಾವುದು ಎಂಬುದು ಕೋಲಾರ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅನ್ಯಾಯದ ನಡುವೆಯೂ ಆ ಬೆಳೆಗೆ ಜನ ಬೇಕಾಗಿದ್ದರು, ಜನಕ್ಕೆ ಆ ಬೆಳೆ ಬೇಕಾಗಿತ್ತು.

ರಾಗಿಯ ತವರಿನಲ್ಲಿಯೇ ಅದಕ್ಕೆ ಒದಗಿದ ಗತಿಯನ್ನು ಇಲ್ಲಿ ಒಂದು ಮಾತಿನಲ್ಲಿ ಹೇಳಬೇಕು. ಕೀನ್ಯದಲ್ಲಿ 1902ರ ರಾಜಭೂಮಿ ಕಾಯಿದೆಯಿಂದ ಮೊದಲ್ಗೊಂಡು ಬ್ರಿಟಿಷರು ಎತ್ತರದ ಒಳ್ಳೆಯ ನೆಲವನ್ನು ಬಿಳಿಯ ವಸಾಹತುಗಾರರಿಗೆ ದೀರ್ಘ ಗುತ್ತಿಗೆಗೆ ಕೊಟ್ಟರು. 1915ರಲ್ಲಿ ಗುತ್ತಿಗೆಯ ಅವಧಿ 999 ವರ್ಷಗಳಷ್ಟಾಯಿತು. ನೆಲ ಕಳೆದುಕೊಂಡವರು ಅದೇ ತೋಟಗಳಲ್ಲಿ ಕೂಲಿಗಳಾದರು. ಅವರ ತಟ್ಟೆಯಲ್ಲಿ ರಾಗಿಯ ಜಾಗಕ್ಕೆ ಮೆಕ್ಕೆಜೋಳದ ಹಿಟ್ಟು ಬಂತು. 1952ರಲ್ಲಿ ಸಿಡಿದ ಮೌ ಮೌ ದಂಗೆಯ ಹೋರಾಟಗಾರರು ತಮ್ಮನ್ನು ಭೂಮಿ ಮತ್ತು ಸ್ವಾತಂತ್ರ್ಯದ ಸೇನೆಯೆಂದು ಕರೆದುಕೊಂಡುದು ಸುಮ್ಮನೆ ಅಲ್ಲ. ಭೂಮಿ ಎಂಬ ಮಾತು ಅಲ್ಲಿ ಮೊದಲು ಬಂದಿತ್ತು.

ಇನ್ನು ನೀಲಗಿರಿ. ನಮ್ಮ ಸೀಮೆಗೆ ಅದು ಊಟಿಯಿಂದ ಇಳಿದು ಬಂತೆಂದು ಹಲವರು ಭಾವಿಸಿದ್ದಾರೆ. ನಿಜವಾಗಿ ಅದರ ಮೊದಲ ನೆಲೆ ನಮ್ಮ ನಂದಿಬೆಟ್ಟವೇ. 1790ರ ಸುಮಾರಿಗೆ ಟಿಪ್ಪು ಸುಲ್ತಾನನ ಕಾಲದಲ್ಲಿ ಅಲ್ಲಿಯ ತೋಟದಲ್ಲಿ ಈ ಜಾತಿಯ ಗಿಡಗಳನ್ನು ನೆಟ್ಟರು. ಆ ಗಿಡಗಳ ಸಂತತಿಯೇ ಮುಂದೆ ಮೈಸೂರು ಗಮ್ ಎಂಬ ಹೆಸರು ಪಡೆದು ಭಾರತದ ಬಯಲುಸೀಮೆಗೆಲ್ಲ ಹರಡಿತು. ನೂರೈವತ್ತು ವರ್ಷಗಳ ಕಾಲ ಅದು ಕುತೂಹಲದ ಮರವಾಗಿ, ಸೌದೆಯ ಮರವಾಗಿ ಅಲ್ಲಲ್ಲಿ ಇತ್ತೇ ಹೊರತು ಯಾರ ಅನ್ನಕ್ಕೂ ಅಡ್ಡ ಬಂದಿರಲಿಲ್ಲ. ಸ್ವಾತಂತ್ರ್ಯಾನಂತರ ಕಾಗದ ಮತ್ತು ಕೃತಕ ನೂಲಿನ ಕಾರ್ಖಾನೆಗಳಿಗೆ ತಿರುಳು ಬೇಕಾಯಿತು. ಅರಣ್ಯ ಇಲಾಖೆಯವರಿಗೆ ಬೋಳು ಗುಡ್ಡವನ್ನು ಬೇಗ ಹಸಿರು ಮಾಡಿ ತೋರಿಸುವ ಗಿಡ ಬೇಕಾಯಿತು. ದನ ಮೇಕೆಗಳು ಬಾಯಿ ಹಾಕದ, ಕಾವಲು ಬೇಡದ, ಕಡಿದರೆ ಮತ್ತೆ ಚಿಗುರುವ ನೀಲಗಿರಿಗಿಂತ ಅನುಕೂಲವಾದ ಗಿಡ ಯಾವುದಿತ್ತು? ದನ ತಿನ್ನದೆಂಬುದು ಕಡತದಲ್ಲಿ ಗುಣವಾಯಿತು. ಗೋಮಾಳದಲ್ಲಿ ನೆಟ್ಟಾಗ ಅದೇ ದೋಷವಾಯಿತು. ನೂರು ದನಗಳಿಗೆ 30 ಎಕರೆ ಗೋಮಾಳ ಇರಬೇಕೆಂಬ ನಿಯಮ ಕಂದಾಯದ ಪುಸ್ತಕದಲ್ಲಿಯೇ ಉಂಟು. ಆ ಎಕರೆಗಳಲ್ಲಿ ಹುಲ್ಲಿನ ಬದಲು ದನ ಮೂಸಿ ಮುಂದೆ ಹೋಗುವ ಸೊಪ್ಪು ನಿಂತರೆ ನಿಯಮವೇನೋ ಉಳಿಯುತ್ತದೆ, ದನ ಉಳಿಯುವುದಿಲ್ಲ.

ಇದೇ ವರ್ಷಗಳಲ್ಲಿ ನಡೆದ ಇನ್ನೊಂದು ಕೆಲಸವನ್ನು ನಮ್ಮ ಸಾಹಿತ್ಯದ ಓದುಗರು ಅಷ್ಟಾಗಿ ಅರಿಯರು. ಮಂಡ್ಯದ ವಿ.ಸಿ. ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯ ಎಂಬ ವಿಜ್ಞಾನಿ ತಮ್ಮ ಬಾಳನ್ನೇ ರಾಗಿಗೆ ಸವೆಸಿದರು. ರಾಗಿಯ ಹೂವು ಸಾಸಿವೆಗಿಂತ ಸಣ್ಣದು, ತನ್ನೊಳಗೇ ಪರಾಗ ಮುಗಿಸಿಕೊಳ್ಳುವಂಥದು. ಒಂದು ತಳಿಯನ್ನು ಇನ್ನೊಂದರೊಡನೆ ಕೂಡಿಸುವುದು ಬಹು ಸೂಕ್ಷ್ಮದ ಕೆಲಸ. ಅವರು 1970ರ ದಶಕದಲ್ಲಿ ನಮ್ಮ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ಹೊಸ ತಳಿಗಳನ್ನು ತಂದರು, ಇಂಡಿಯ ಮತ್ತು ಆಫ್ರಿಕ ಎರಡರ ಹೆಸರನ್ನೂ ಸೇರಿಸಿ ಅವುಗಳಿಗೆ ಇಂಡಾಫ್ ಎಂದು ಕರೆದರು. ಜನ ಅವರನ್ನು ರಾಗಿ ಬ್ರಹ್ಮ ಎಂದರು. ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ಬಂದ ಧಾನ್ಯಕ್ಕೆ ಅದರ ತವರಿನ ಬಳಗ ಎರಡನೆಯ ಸಲ ಬಂದು ಕೈಗೂಡಿಸಿತು. ಎಕರೆಯ ಇಳುವರಿ ಬಹಳವಾಗಿ ಏರಿತು. ರಾಗಿಯನ್ನು ಬಿಡಲು ಕಾರಣವೇ ಇಲ್ಲವೆನ್ನಿಸುವ ಆ ಕಾಲದಲ್ಲಿಯೇ ಕೋಲಾರದ ಖುಷ್ಕಿ ಹೊಲಗಳಿಗೆ ನೀಲಗಿರಿ ಇಳಿಯಿತು.

ಏಕೆ? ಇಳಿಸಿದವರನ್ನು ಬರಿದೆ ದೂಷಿಸಿ ಪ್ರಯೋಜನವಿಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಗೆ ಕೊಟ್ಟ ನೆಲ ಗೇಣಿದಾರನದಾಯಿತು. ಇದು ನ್ಯಾಯವಾದುದೇ. ಆದರೆ ಆ ಬಳಿಕ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದ ಒಡೆಯನಿಗೆ ಹೊಲವನ್ನು ಮತ್ತೊಬ್ಬನ ಕೈಗೆ ಕೊಡಲು ಭಯ, ತಾನೇ ನಿಂತು ಮಾಡಿಸಲು ಬಿಡುವಿಲ್ಲ. ರಾಗಿಗೆ ಹತ್ತು ಜನರ ಕೈ ಬೇಕು, ಕೂಲಿಯ ದರ ಏರುತ್ತಿತ್ತು, ಮಳೆ ನಂಬುವಂತಿರಲಿಲ್ಲ. ನೀಲಗಿರಿಗೆ ಒಮ್ಮೆ ನೆಟ್ಟರೆ ಏಳೆಂಟು ವರ್ಷ ಯಾರೂ ಬೇಡ. ಸಸಿಗಳನ್ನು ಇಲಾಖೆಯೇ ಕೊಡುತ್ತಿತ್ತು. ಸಣ್ಣ ಹಿಡುವಳಿಯವನೂ ಎರಡು ಬರ ಕಂಡ ಮೇಲೆ ಪಕ್ಕದವನನ್ನು ನೋಡಿ ನೆಟ್ಟ. ಕೆಲಸ ಕಳೆದುಕೊಂಡವರನ್ನು ಯಾರೂ ಕೇಳಲಿಲ್ಲ. ಆ ಹೆಂಗಸರು ಮುಂದೆ ಅದೇ ತೋಪುಗಳಲ್ಲಿ ಉದುರಿದ ಎಲೆಯನ್ನು ಗುಡಿಸಿ ಒಲೆಗೆ ಹೊತ್ತರು. ಕಾಳು ಅಳೆಸಿಕೊಳ್ಳುತ್ತಿದ್ದ ಹೊಲದಿಂದ ಅವರಿಗೆ ದಕ್ಕಿದ ಪಾಲು ಈಗ ಅಷ್ಟೇ.

1981ರಲ್ಲಿ ವಂದನಾ ಶಿವ, ಎಚ್.ಸಿ. ಶರತ್‌ಚಂದ್ರ, ಜಯಂತ ಬಂದ್ಯೋಪಾಧ್ಯಾಯ ಇವರು ಕೋಲಾರ ಜಿಲ್ಲೆಯ ಸಾಮಾಜಿಕ ಅರಣ್ಯದ ಬಗ್ಗೆ ಒಂದು ಅಧ್ಯಯನವನ್ನು ಹೊರತಂದರು. ಬಡವರ ಸೌದೆ ಮೇವುಗಳಿಗೆಂದು ಹೇಳಿದ ಯೋಜನೆ ಅನ್ನದ ನೆಲದಲ್ಲಿ ಕಾರ್ಖಾನೆಯ ಕಚ್ಚಾವಸ್ತುವನ್ನು ಬೆಳೆಯುತ್ತಿದೆಯೆಂಬುದು ಅದರ ಆಪಾದನೆ. ಅರಣ್ಯಾಧಿಕಾರಿಗಳು ಅಂಕಿಗಳನ್ನು ಒಪ್ಪಲಿಲ್ಲ. ವಾದ ಬಹುಕಾಲ ನಡೆಯಿತು. 1983ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ರಾಜ್ಯದ ಸಾಮಾಜಿಕ ಅರಣ್ಯ ಯೋಜನೆ ಪ್ರಾರಂಭವಾದ ವರ್ಷದಲ್ಲಿಯೇ ನೆರೆಯ ತುಮಕೂರು ಜಿಲ್ಲೆಯ ರೈತರು ಸಸ್ಯಕ್ಷೇತ್ರಕ್ಕೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಹುಣಸೆ ಮತ್ತು ಮಾವಿನ ಬೀಜಗಳನ್ನು ಊರಿದರು. ಪರದೇಶದ ಮರವನ್ನು ಕಿತ್ತ ಕೈಗಳು ಊರಿದ್ದೂ ಒಂದು ಆಫ್ರಿಕದ ಮರವನ್ನೇ! ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಸ್ವದೇಶಿ ಪರದೇಶಿ ಎಂಬ ಭಾಷಣದ ಮಾತಿಗಿಂತ ಆ ರೈತರ ತಿಳಿವಳಿಕೆ ಆಳವಾಗಿತ್ತೆಂದು ನನ್ನ ನಂಬಿಕೆ. ಹುಣಸೆಯ ಕೆಳಗೆ ನೆರಳುಂಟು, ಹಣ್ಣುಂಟು, ಊರಿನ ಹಕ್ಕುಂಟು.

ಅದೇ ಕಾಲದಲ್ಲಿ ಕೀನ್ಯದಲ್ಲಿ ವಂಗಾರಿ ಮಾಥಾಯ್ ಎಂಬ ಹೆಣ್ಣುಮಗಳು ಹಳ್ಳಿಯ ಹೆಂಗಸರನ್ನು ಕೂಡಿಸಿ ಸಸಿ ಬೆಳೆಸುತ್ತಿದ್ದಳು. 1977ರಲ್ಲಿ ಅವಳು ಹೂಡಿದ ಹಸಿರು ಪಟ್ಟಿಯ ಚಳವಳಿ ಮೂರು ಕೋಟಿ ಗಿಡಗಳನ್ನು ನೆಟ್ಟಿತು. 2004ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ ಅವಳಿಗೆ ಬಂತು. ತನ್ನ ಆತ್ಮಕಥೆಯಲ್ಲಿ ಅವಳು ಹೇಳುವ ಒಂದು ಸಂಗತಿ ನಮ್ಮವರಿಗೆ ಅಪರಿಚಿತವೆನಿಸದು. ಅವಳ ಮನೆಯ ಬಳಿ ಒಂದು ದೊಡ್ಡ ಅತ್ತಿಯ ಜಾತಿಯ ಮರ. ಅದು ದೇವರ ಮರ, ಅದರ ಸೌದೆಯನ್ನು ಮುಟ್ಟಬಾರದೆಂದು ತಾಯಿ ಹೇಳಿಕೊಟ್ಟಿದ್ದಳು. ಅದರ ಹತ್ತಿರವೇ ಒಂದು ಚಿಲುಮೆ. ಓದು ಮುಗಿಸಿ ಹಿಂದಿರುಗಿದಾಗ ಮರವನ್ನು ಕಡಿದು ಚಹ ಬೆಳೆದಿದ್ದರು, ಚಿಲುಮೆ ಬತ್ತಿತ್ತು. ಆ ಬೇರುಗಳೇ ಕಲ್ಲಿನ ಪದರವನ್ನು ಸೀಳಿ ನೀರನ್ನು ಮೇಲಕ್ಕೆ ತರುತ್ತಿದ್ದುವೆಂದು ಅವಳಿಗೆ ಹೊಳೆದದ್ದು ಆಮೇಲೆ.

ನೀಲಗಿರಿ ನೀರು ಕುಡಿಯುತ್ತದೆಯೆ? ನಮ್ಮ ಹಳ್ಳಿಗರು ಹೌದೆಂದರು, ಇಲಾಖೆಯವರು ಇಲ್ಲವೆಂದರು. 1987ರ ನಂತರ ಇಯನ್ ಕಾಲ್ಡರ್ ಎಂಬ ಇಂಗ್ಲಿಷ್ ಜಲವಿಜ್ಞಾನಿ ಮತ್ತು ಅವನ ಸಂಗಡಿಗರು ಕರ್ನಾಟಕದ ಅರಣ್ಯ ಇಲಾಖೆಯೊಡನೆ ಸೇರಿ ಇದನ್ನು ಅಳೆದರು. ಉತ್ತರ ಎರಡು ಕಡೆಯವರಿಗೂ ಸ್ವಲ್ಪ ಸ್ವಲ್ಪ ದಕ್ಕಿತು. ಶಿವಮೊಗ್ಗದ ಕಡೆಯ ನೆಲದಲ್ಲಿ ನೀಲಗಿರಿ ಬಳಸಿದ ನೀರು ನಾಡಕಾಡು ಬಳಸುವುದಕ್ಕಿಂತ ಹೆಚ್ಚಿರಲಿಲ್ಲ. ಆದರೆ ರಾಗಿಯಂಥ ಬೆಳೆಗೆ ಬೇಕಾದುದರ ಸುಮಾರು ಎರಡರಷ್ಟಿತ್ತು. ನಮ್ಮ ಸೀಮೆಗೆ ಅಂಟಿಕೊಂಡಂತಿರುವ ಹೊಸಕೋಟೆಯ ಆಳವಾದ ಮಣ್ಣಿನಲ್ಲಿ ಮಾತ್ರ ಮರಗಳು ಬಿದ್ದ ಮಳೆಗಿಂತ ಹೆಚ್ಚು ನೀರನ್ನು ಬಳಸಿದುವು; ಬೇರುಗಳು ಎಂಟು ಮೀಟರಿನಷ್ಟು ಆಳಕ್ಕಿಳಿದು ಹಳೆಯ ವರ್ಷಗಳ ತೇವವನ್ನು ಹೀರುತ್ತಿದ್ದುವು. ಕಾಡನ್ನು ಕಡಿದ ಜಾಗದಲ್ಲಿ ನೆಟ್ಟ ನೀಲಗಿರಿಯ ಲೆಕ್ಕ ಬೇರೆ, ರಾಗಿಯನ್ನು ತೆಗೆದು ನೆಟ್ಟುದರ ಲೆಕ್ಕವೇ ಬೇರೆ ಎಂಬುದು ಇದರಿಂದ ಸ್ಪಷ್ಟ. ಕೋಲಾರದ್ದು ಎರಡನೆಯ ಲೆಕ್ಕ. ಹಾಗೆಂದು ಕೆರೆ ಬಾವಿಗಳು ಬತ್ತಿದ ಪಾಪವನ್ನೆಲ್ಲ ಈ ಮರದ ತಲೆಗೆ ಕಟ್ಟುವುದು ಸರಿಯಲ್ಲ. ಸಾವಿರ ಅಡಿ ದಾಟಿದ ಕೊಳವೆಬಾವಿಗಳನ್ನು ಕೊರೆದದ್ದು ನೀಲಗಿರಿಯೇನಲ್ಲ.

ದಕ್ಷಿಣ ಆಫ್ರಿಕ ಈ ಪ್ರಶ್ನೆಯನ್ನು ನಮಗಿಂತ ಮೊದಲೇ ಕಾನೂನಿಗೆ ತಂದಿತು. ಹೊಸ ತೋಪು ನೆಡಲು ಅನುಮತಿ ಬೇಕೆಂದು 1972ರಲ್ಲಿಯೇ ವಿಧಿಸಿತು. 1998ರ ಜಲ ಕಾಯಿದೆಯಲ್ಲಿ ವಾಣಿಜ್ಯದ ನೆಡುತೋಪನ್ನು ಹೊಳೆಯ ಹರಿವನ್ನು ಕುಗ್ಗಿಸುವ ಉದ್ಯಮವೆಂದು ಹೆಸರಿಸಿತು. ಅಂದರೆ ಕಾಲುವೆಯಿಂದ ನೀರು ಎತ್ತುವವನಂತೆ ಮರ ಬೆಳೆಯುವವನೂ ನೀರಿನ ಲೆಕ್ಕ ಕೊಡಬೇಕು. 1995ರಿಂದ ಅಲ್ಲಿಯ ಸರ್ಕಾರ ಬಡವರಿಗೆ ಕೂಲಿ ಕೊಟ್ಟು ಹೊಳೆದಂಡೆಯ ಹೊರಗಿನ ಮರಗಳನ್ನು ಕಡಿಸುತ್ತ ಬಂದಿದೆ. ನಮ್ಮಲ್ಲಿ ನೀಲಗಿರಿಯನ್ನು ಹೊಸದಾಗಿ ನೆಡಬಾರದೆಂಬ ಸರ್ಕಾರದ ಆದೇಶ ಬಂದದ್ದು 2017ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ರಾಗಿಯ ಕೂರಿಗೆಯನ್ನು ಅಟ್ಟಕ್ಕೆ ಹಾಕಿಯಾಗಿತ್ತು. 2018ರಿಂದ ಬೆಂಗಳೂರಿನ ಚರಂಡಿಯ ನೀರನ್ನು ಶುದ್ಧಿಮಾಡಿ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. ತುಂಬಿದ ಕೆರೆ ಕಣ್ಣಿಗೆ ಹಿತ. ಶುದ್ಧಿ ಸಾಲದೆಂಬ ದೂರು ಇನ್ನೂ ನಿಂತಿಲ್ಲ.

ಶ್ರೀನಿವಾಸಪುರ ಈ ನಡುವೆ ಮಾವಿನ ಊರಾಗಿದೆ. ಮಾವು ನಮ್ಮದೇ ದೇಶದ ಮರ, ಇದರಲ್ಲಿ ಯಾರಿಗೂ ತಕರಾರಿಲ್ಲ. ತೋತಾಪುರಿಯನ್ನು ಕೊಳ್ಳುವ ತಿರುಳಿನ ಕಾರ್ಖಾನೆಗಳು ಮಾತ್ರ ಗಡಿಯಾಚೆ ಚಿತ್ತೂರಿನಲ್ಲಿವೆ. 2025ರ ಜೂನ್ ತಿಂಗಳಲ್ಲಿ ಚಿತ್ತೂರಿನ ಆಡಳಿತ ಕರ್ನಾಟಕದ ತೋತಾಪುರಿ ಬರಬಾರದೆಂದು ಗಡಿಯಲ್ಲಿ ತಡೆ ಹಾಕಿತು. ಬೆಲೆ ಕುಸಿಯಿತು, ರೈತರು ರಸ್ತೆಗಿಳಿದರು, ಎರಡು ರಾಜ್ಯಗಳ ನಡುವೆ ಪತ್ರವ್ಯವಹಾರ ನಡೆಯಿತು. ಮಾವಿನ ಹಣ್ಣನ್ನು ಹಗೇವಿನಲ್ಲಿಟ್ಟು ಮುಂದಿನ ವರ್ಷದ ತನಕ ಕಾಯಲಾಗುವುದಿಲ್ಲ.